ಬಳೆಗೆ ಅಳತೆ, ಮೌಸಿಗೆ?

ನನ್ನ ತಂಗಿಯನ್ನು ಹುಕ್ಕೇರಿಗೆ ಕೊಟ್ಟಿದೆ. ಶ್ರಾವಣದಲ್ಲಿ ಅವಳ ಮನೆಗೆ ಹೋದರೆ ಬಳೆ ಇಡಿಸಿಕೊಳ್ಳದೆ ಗೋಕಾಕಕ್ಕೆ ಮರಳುವ ಪದ್ಧತಿ ನನಗಿಲ್ಲ. ಹೋದ ವರ್ಷ ಅವಳ ಮಗಳೂ ನಮ್ಮ ಜೊತೆಗೆ ಬಳೆ ಅಂಗಡಿಗೆ ಬಂದಿದ್ದಳು. ಬಳೆಗಾರ ಯಾರ ಮುಖವನ್ನೂ ನೋಡುವುದಿಲ್ಲ, ಕೈ ನೋಡುತ್ತಾನೆ. ಹುಡುಗಿಯ ಕೈಯನ್ನು ಒಮ್ಮೆ ಹಿಡಿದು, ಹೆಬ್ಬೆರಳಿನ ಬುಡವನ್ನು ತುಸು ಒತ್ತಿ, "ಎರಡು-ನಾಲ್ಕು ಸಾಕವ್ವ" ಎಂದ. ನನಗೆ ಎರಡು-ಆರು. ಎರಡು-ನಾಲ್ಕು ಎಂದರೆ ಎರಡು ಅಂಗುಲ, ಅದರ ಮೇಲೆ ಅಂಗುಲದ ಹದಿನಾರರಲ್ಲಿ ನಾಲ್ಕು ಪಾಲು. ಅವಳ ಬಳೆಗೂ ನನ್ನ ಬಳೆಗೂ ಇರುವ ವ್ಯತ್ಯಾಸ ಅಂಗುಲದ ಎಂಟನೆಯ ಒಂದು ಪಾಲು. ಅಷ್ಟು ಸೂಕ್ಷ್ಮವನ್ನು ಆತ ಕೈ ಮುಟ್ಟಿಯೇ ಹೇಳಿಬಿಟ್ಟ.

ಮರುವಾರ ಅದೇ ಹುಡುಗಿಯನ್ನು ಗೋಕಾಕಕ್ಕೆ ಕರೆಸಿಕೊಂಡು ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಜೊತೆಗೆ ಅವಳ ತಮ್ಮನೂ ಇದ್ದ. "ಆಟಕ್ಕ ಒಂದು ಮೌಸು ತೋರಸ್ರಿ" ಎಂದೆ. ಅಂಗಡಿಯವರು ನನ್ನನ್ನು ದಾಟಿ, ಹುಡುಗಿಯನ್ನು ದಾಟಿ, ಹಿಂದೆ ನಿಂತಿದ್ದ ಪಿಯುಸಿ ಹುಡುಗನನ್ನು ಕೇಳಿದರು: "ಯಾವ ಗೇಮ್ ಆಡ್ತೀಯೋ ತಮ್ಮಾ?"

"ಆಡೋದು ಅವನಲ್ರೀ, ಇವಳು" ಎಂದೆ.

ಅವರು ನಕ್ಕರು. ಕೆಟ್ಟ ನಗೆ ಏನಲ್ಲ, ನಮ್ಮ ಮನೆಗಳಲ್ಲಿ ಗಂಡಸರು ನಗುವಂಥದೇ ನಗೆ. ನಕ್ಕು, ಗುಲಾಬಿ ಬಣ್ಣದ್ದೊಂದನ್ನು ತೆಗೆದು ಹುಡುಗಿಯ ಮುಂದೆ ಇಟ್ಟರು.

ಓದುಗ ಸೋದರಿಯರೆ, ನನ್ನ ತಕರಾರು ಇಷ್ಟೇ. ಬಳೆ ಇಡಿಸುವಾಗ ಹುಡುಗಿಯ ಕೈಗೆ ಅಳತೆ ಇದೆ. ಕೆಲಸದ ಸಾಮಾನು, ಆಟದ ಸಾಮಾನು ಕೊಡುವಾಗ ಅದೇ ಕೈಗೆ ಬರೀ ಬಣ್ಣ ಇದೆ.

ಇದನ್ನು ಅಂಗಡಿಯವರ ಮೇಲೆ ಹಾಕಿ ನಾನು ಪಾರಾಗುವಂತಿಲ್ಲ. ನಾನು ಬಿ.ಎ., ಬಿ.ಎಡ್. ಮಾಡಿದ ಮಾಸ್ತರಣಿ, ಕನ್ನಡ ಮತ್ತು ಸಮಾಜ ಕಲಿಸುವವಳು. ಮೂಡಲಗಿಯ ಕಡೆ ಒಂದು ಶಾಲೆಯಲ್ಲಿದ್ದಾಗ ಕಂಪ್ಯೂಟರುಗಳು ಬಂದವು. ವಿಜ್ಞಾನದವರು ಬಿಡುವಿಲ್ಲ ಎಂದದ್ದರಿಂದ ಆ ಕೋಣೆಯ ಬೀಗದ ಕೈ ನನ್ನ ಪಾಲಿಗೆ ಬಂತು. ಒಂದು ಕಂಪ್ಯೂಟರಿಗೆ ಮೂರು ಮೂರು ಮಕ್ಕಳು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಮೊದಲ ದಿನವೇ ಪ್ರತಿ ಗುಂಪಿನಲ್ಲಿ ಒಬ್ಬ ಹುಡುಗ ಮೌಸು ಹಿಡಿದು ಕೂತ. ಹುಡುಗಿಯರು ನೋಟುಬುಕ್ಕು ತೆಗೆದು ಬರೆದುಕೊಳ್ಳತೊಡಗಿದರು. ಅಕ್ಷರ ಚೆಂದ, ಅಡ್ಡಗೆರೆ ಚೆಂದ. ನಾನು ಸಂತೋಷಪಟ್ಟೆ. ಶಿಸ್ತು ಎಂದುಕೊಂಡೆ! ಮೌಸಿನ ಚಿತ್ರ ಬರೆದು ಎಡಗುಂಡಿ, ಬಲಗುಂಡಿ, ಚಕ್ರ ಎಂದು ಹೆಸರು ಗುರುತಿಸಿದ ಹುಡುಗಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಆಕೆ ವರ್ಷವಿಡೀ ಅದನ್ನು ಮುಟ್ಟಿರಲಿಲ್ಲ. ವರ್ಷದ ಕೊನೆಗೆ ಆಕೆಯೇ, "ಟೀಚರ್, ನನ್ನ ಪಾಳಿ ಯಾವಾಗ್ರೀ?" ಎಂದು ಕೇಳಿದಳು. ಗಂಟೆ ಹೊಡೆಯಿತು. ನಾನು ಬೀಗ ಹಾಕಿದೆ. ಆ ಬೀಗದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಇನ್ನೊಬ್ಬಳು ರೊಡ್ಡಗೈಯವಳು. ಎಡಗೈಯಲ್ಲೇ ಬರೆಯುತ್ತಿದ್ದಳು. ಮೌಸು ಬಲಗಡೆ ಇದ್ದುದರಿಂದ ಹಿಡಿಯಲಿಕ್ಕೆ ಬಾರದೆ ನಗೆಪಾಟಲಾದಳು. ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ ಎಡಗುಂಡಿಯ ಕೆಲಸವನ್ನು ಬಲಗುಂಡಿಗೆ ಬದಲಿಸಲಿಕ್ಕೆ ಅರ್ಧ ನಿಮಿಷ ಸಾಕು. ಅದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಎಂದೂ ಅನ್ನಿಸಿರಲಿಲ್ಲ.

ಹೀಗಿದ್ದವಳಿಗೆ ಕಣ್ಣು ತೆರೆಸಿದ್ದು ತಂಗಿಯ ಮಗಳು. ಬಿ.ಸಿ.ಎ. ಎರಡನೆಯ ವರ್ಷ. ಅವಳ ಓದಿಗೆಂದೇ ತಂದ ಕಂಪ್ಯೂಟರು ತಮ್ಮನ ಕೋಣೆ ಸೇರಿದೆ. ಏಕೆಂದರೆ ಅವನಿಗೆ ಕೋಣೆ ಇದೆ, ಅವಳಿಗೆ ಇಲ್ಲ. ಅವನು ಮಲಗಿದ ಮೇಲೆ ಅವಳು ಆಡುತ್ತಾಳೆ. ವ್ಯಾಲರಂಟ್ ಎಂಬ ಆಟ. ಐದು ಜನರ ಒಂದು ಪಾಳಿಗೆ ಐದು ಜನರ ಇನ್ನೊಂದು ಪಾಳಿ ಎದುರು. 2020ರಲ್ಲಿ ಬಂದದ್ದು, ಆಡಲಿಕ್ಕೆ ದುಡ್ಡು ಕೊಡಬೇಕಾಗಿಲ್ಲ. ಬಂದೂಕಿನ ಆಟ ಎಂದು ಕೇಳಿ ನಾನೂ ಮೊದಲು ಮೂಗು ಮುರಿದೆ. ಒಂದು ರಾತ್ರಿ ಹಿಂದೆ ಕೂತು ನೋಡಿದೆ. ಎದುರಿನವರು ಯಾವ ಮೂಲೆಯಿಂದ ಬಂದಾರು, ತನ್ನವರಲ್ಲಿ ಯಾರು ಎಲ್ಲಿದ್ದಾರೆ, ಎಷ್ಟು ಸೆಕೆಂಡು ಉಳಿದಿವೆ ಎಂದು ಲೆಕ್ಕ ಹಾಕುತ್ತಿದ್ದ ಆ ಹುಡುಗಿಯ ಮುಖವನ್ನು ನಾನು ಯಾವ ಮದುವೆ ಮನೆಯಲ್ಲೂ ಕಂಡಿರಲಿಲ್ಲ. ಆದರೆ ಆಟ ಮುಗಿದ ಮೇಲೆ ಬಲ ಮಣಿಕಟ್ಟು ಒತ್ತಿಕೊಂಡು, "ನೋಯ್ತೈತಿ ದೊಡ್ಡವ್ವ" ಎಂದಳು.

ಮನೆಯವರ ಉತ್ತರ ಸಿದ್ಧವಿತ್ತು: "ಆಟ ಆಡಿದ್ದಕ್ಕ ನೋಯ್ತೈತಿ. ಬಿಡು."

ತಮ್ಮನೂ ದಿನಕ್ಕೆ ಮೂರು ತಾಸು ಆಡುತ್ತಾನಲ್ಲ, ಅವನಿಗೇಕೆ ನೋಯುವುದಿಲ್ಲ ಎಂದು ಯಾರೂ ಕೇಳಲಿಲ್ಲ. ನಾನು ಟೇಪು ತಂದು ಅಳೆದೆ. ಅವನ ಕೈ, ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ 19 ಸೆಂಟಿಮೀಟರ್. ಇವಳದು ಹದಿನಾರೂವರೆ. ಮೌಸಿನ ಉದ್ದ ಹದಿಮೂರರ ಹತ್ತಿರ, ತಕ್ಕಡಿಗೆ ಹಾಕಿದರೆ 120 ಗ್ರಾಂ ಮೇಲೆ. ಕೈಯುದ್ದದ ನೂರಕ್ಕೆ ಅರವತ್ತು ಪಾಲಿನಷ್ಟು ಮೌಸು ಇರಬೇಕು ಎಂಬುದು ಆಟಗಾರರ ನಡುವಿನ ಒಂದು ಅಂದಾಜು. ಶಾಸ್ತ್ರವಲ್ಲ, ಸರಿಸುಮಾರು ಲೆಕ್ಕ. ಆ ಲೆಕ್ಕಕ್ಕೆ ಇವಳಿಗೆ ಬೇಕಾದದ್ದು ಹತ್ತು ಸೆಂಟಿಮೀಟರಿನ ಆಸುಪಾಸಿನದು. ಅಣ್ಣನ ಚಪ್ಪಲಿ ಹಾಕಿಕೊಂಡು ಓಡಿ, ಕಾಲು ಉಳುಕಿದರೆ ಓಟದ ತಪ್ಪೇ?

ಆದ್ದರಿಂದಲೇ ಗೋಕಾಕದ ಆ ಅಂಗಡಿಗೆ ಹೋದದ್ದು. ಗುಲಾಬಿಯದನ್ನು ಪಕ್ಕಕ್ಕಿಟ್ಟು, "ಇದರ ಉದ್ದ ಎಷ್ಟ್ರೀ, ತೂಕ ಎಷ್ಟ್ರೀ?" ಎಂದೆ. ಅವರು ಡಬ್ಬಿ ತಿರುಗಿಸಿ, "ಇಪ್ಪತ್ತು ಸಾವಿರ ಡಿಪಿಐ ಐತ್ರಿ ಅಕ್ಕಾರ, ಲೈಟೂ ಬರ್ತಾವು" ಎಂದು ಇನ್ನೊಂದನ್ನು ತೋರಿಸಿದರು.

ಈ ಡಿಪಿಐ ಎಂಬ ಮಾತಿಗೆ ಹೆದರುವ ಕಾರಣವಿಲ್ಲ. ಮೌಸನ್ನು ಒಂದು ಅಂಗುಲ ಸರಿಸಿದರೆ ಅದು ಎಷ್ಟು ಹೆಜ್ಜೆ ಎಣಿಸಿ ಕಂಪ್ಯೂಟರಿಗೆ ಹೇಳುತ್ತದೆ ಎಂಬುದೇ ಡಿಪಿಐ. ಸಾಧಾರಣ ಪರದೆಯ ಅಗಲ 1920 ಚುಕ್ಕೆ. 800 ಡಿಪಿಐ ಇಟ್ಟರೆ ಎರಡೂವರೆ ಅಂಗುಲಕ್ಕೂ ಕಡಿಮೆ ಸರಿಸುವಷ್ಟರಲ್ಲಿ ಬಾಣದ ಗುರುತು ಪರದೆಯ ಈ ದಡದಿಂದ ಆ ದಡಕ್ಕೆ ಮುಟ್ಟುತ್ತದೆ. ಇಪ್ಪತ್ತು ಸಾವಿರ ಇಟ್ಟರೆ? ಅಂಗುಲದ ಹತ್ತನೆಯ ಒಂದು ಪಾಲು ಸರಿಸಿದರೆ ಸಾಕು, ಗುರುತು ದಡ ದಾಟಿ ಹೋಗಿರುತ್ತದೆ. ಅಷ್ಟರಲ್ಲಿ ಯಾವ ಕೈ ಗುರಿ ಹಿಡಿದೀತು? ಹೆಚ್ಚಿನ ಆಟಗಾರರು 400ರಿಂದ 1600ರ ಒಳಗೇ ಇರುತ್ತಾರೆ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಸೀರೆಯ ಮೇಲಿನ ಬೇಗಡೆ ಇದ್ದ ಹಾಗೆ. ಮಿನುಗುತ್ತದೆ, ಮೈ ಮುಚ್ಚುವುದಿಲ್ಲ.

ಮೌಸು ಹಿಡಿಯುವ ರೀತಿ ಮೂರು. ಅಂಗೈಯೆಲ್ಲ ಅದರ ಬೆನ್ನ ಮೇಲೆ ಹರಡುವುದು ಒಂದು, ರೊಟ್ಟಿ ಬಡಿಯುವ ಕೈಯಂತೆ. ಬೆರಳನ್ನು ಬಾಗಿಸಿ ಪಂಜದಂತೆ ಹಿಡಿಯುವುದು ಇನ್ನೊಂದು. ಅಂಗೈ ತಾಗಿಸದೆ ಬೆರಳ ತುದಿಯಿಂದಷ್ಟೇ ಆಡಿಸುವುದು ಮೂರನೆಯದು. ಹುಡುಗಿ ಮೌಸನ್ನು ಹಿಡಿದಾಗ ನೋಡಿದೆ, ಮೂರನೆಯದು. ಎಲ್ಲೋ ನೋಡಿದ ಹಿಡಿತ ಅನ್ನಿಸಿತು. ರಂಗೋಲಿ ಹಿಟ್ಟು ಹಿಡಿಯುವ ಹಿಡಿತ! ಹೆಣ್ಣುಮಕ್ಕಳಿಗೆ ಗುರಿ ಕೂಡುವುದಿಲ್ಲ ಎನ್ನುತ್ತಾರೆ. ಬೆಳಗಿನ ಮಬ್ಬಿನಲ್ಲಿ, ನಡು ಬಗ್ಗಿಸಿ, ಇಪ್ಪತ್ತೊಂದು ಚುಕ್ಕೆಯನ್ನು ಒಂದೂ ತಪ್ಪದೆ ಸೇರಿಸುವವರು ಯಾರಪ್ಪ ಮತ್ತೆ?

ಬೆರಳ ತುದಿಯಿಂದ ಆಡಿಸುವವರಿಗೆ ಮೌಸು ಹಗುರ ಇದ್ದಷ್ಟೂ ಒಳ್ಳೆಯದು. ಹತ್ತು ಸೆಂಟಿಮೀಟರಿನದು ಆ ಅಂಗಡಿಯಲ್ಲಿ ಇರಲಿಲ್ಲ. ಇದ್ದುದರಲ್ಲಿ ಸಣ್ಣದು ಲಾಜಿಟೆಕ್ ಜಿ102. ಉದ್ದ ಹನ್ನೊಂದೂವರೆ ಸೆಂಟಿಮೀಟರಿಗೆ ತುಸು ಹೆಚ್ಚು, ತೂಕ 85 ಗ್ರಾಂ, ಡಿಪಿಐ 200ರಿಂದ 8000. ಹಳೆಯದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಗಿಡ್ಡ. ಬದಿಯ ಗುಂಡಿಗಳು ಎಡಗಡೆಗೆ ಮಾತ್ರ ಇವೆ, ಎಂದರೆ ಬಲಗೈಯ ಹೆಬ್ಬೆರಳಿಗೆ. ಆದರೆ ಎರಡೂ ಬದಿಯ ಆಕಾರ ಒಂದೇ ತೆರನಾದ್ದರಿಂದ, ಬದಿಯ ಗುಂಡಿ ಬಿಟ್ಟರೆ ನನ್ನ ಆ ರೊಡ್ಡಗೈ ಹುಡುಗಿಗೂ ನಡೆಯುತ್ತಿತ್ತು. ಸಣ್ಣ ಕೈ, ಎಡಗೈ, ಇವರಿಗೆಂದು ಮಾಡಿದವು ಲೋಕದಲ್ಲಿ ಇಲ್ಲವೆಂದಲ್ಲ. ನಮ್ಮ ಊರಿನ ಕಪಾಟಿಗೆ ಬರುವುದಿಲ್ಲ, ಯಾಕೆಂದರೆ ನಾವು ಕೇಳುವುದಿಲ್ಲ.

ಮೌಸು ಹುಟ್ಟಿದ ಕಥೆಯನ್ನೂ ಒಂದಿಷ್ಟು ಹೇಳಬೇಕು. 1964ರಲ್ಲಿ ಅಮೆರಿಕದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬವರು ಮೊದಲ ಮೌಸು ಮಾಡಿದರು. ಅದರ ಮೈ ಕಟ್ಟಿಗೆಯದು! ಕಟ್ಟಿಗೆಯ ಗೊಂಬೆ, ಕಟ್ಟಿಗೆಯ ಹಣ್ಣು ಮಾಡಿ ನಿಜದ ಹಣ್ಣೇ ಎಂದು ಭ್ರಮೆ ಹುಟ್ಟಿಸುವ ಗೋಕಾಕದವಳು ನಾನು, ಹೀಗಾಗಿ ಇದನ್ನು ಓದಿ ಹಿಗ್ಗಿದೆ. ನಮ್ಮ ಗೊಂಬೆಯವರು ಹಗುರ ಕಟ್ಟಿಗೆ ಆರಿಸುತ್ತಾರೆ, ಮಗುವಿನ ಕೈಗೆ ಭಾರವಾಗಬಾರದು. ಆಟದ ಸಾಮಾನು ಆಡುವವರ ಕೈಗೆ ಹೊಂದಬೇಕು ಎಂಬುದು ನಮ್ಮ ಊರಿಗೆ ಹೊಸ ಮಾತೇನಲ್ಲ.

ಮೌಸು ತಂದರಾಯಿತೆ? ಹೊಂದಿಸಬೇಕು. ಆ ಭಾನುವಾರ ಹುಕ್ಕೇರಿಯಲ್ಲಿ ನಾವಿಬ್ಬರೂ ಕೂತು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಮನೆಯಲ್ಲೂ ಮಾಡಿ.

ಮೊದಲು ಜಾಗ. ಅವಳು ಮಂಚದ ಮೇಲೆ ಕೌದಿ ಮಡಚಿ ಅದರ ಮೇಲೆ ಮೌಸು ಆಡಿಸುತ್ತಿದ್ದಳು. ಮೇಜಿನ ಮೇಲೆ ತಮ್ಮನ ಪುಸ್ತಕ, ತಮ್ಮನ ಡಂಬಲ್ಸು. ಅವನ್ನೆಲ್ಲ ಎತ್ತಿಸಿದೆ. ಮೌಸಿನ ಹೊಟ್ಟೆಯಲ್ಲಿ ಒಂದು ದೀಪ, ಒಂದು ಪುಟ್ಟ ಕಣ್ಣು ಇರುತ್ತವೆ. ಆ ಕಣ್ಣು ಕೆಳಗಿನ ಮೇಲ್ಮೈಯನ್ನು ಕ್ಷಣಕ್ಷಣಕ್ಕೂ ನೋಡಿ ಎಷ್ಟು ಸರಿಯಿತೆಂದು ತಿಳಿಯುತ್ತದೆ. ಗಾಜಿನ ಮೇಜು ಅದಕ್ಕೆ ಕುರುಡು, ಏರುಪೇರಿನ ಕೌದಿಯೂ ಆಗದು. ಬಟ್ಟೆಯ ದೊಡ್ಡ ಮ್ಯಾಟು ಬೇಕು, ಕನಿಷ್ಠ ಒಂದು ಮೊಳ ಅಗಲದ್ದು. ಮೊಳಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿಗೆ ದಿಂಬು ಹಾಕಿದೆವು. ವೈರು ಎಳೆಯದಂತೆ ತುಸು ಸಡಿಲ ಬಿಟ್ಟು, ಮೇಜಿನ ಅಂಚಿಗೆ ಪಟ್ಟಿ ಅಂಟಿಸಿದೆವು.

ಎರಡನೆಯದು ವಿಂಡೋಸು. ಅದರಲ್ಲಿ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಎಂದು ಒಂದು ಗುರುತು ಇರುತ್ತದೆ. ಹೆಸರು ಕೇಳಿದರೆ ಒಳ್ಳೆಯದೇ ಅನ್ನಿಸುತ್ತದೆ. ಕೈ ಬೇಗ ಆಡಿದರೆ ಗುರುತನ್ನು ಇನ್ನೂ ದೂರ ಒಯ್ಯುವುದು, ನಿಧಾನ ಆಡಿದರೆ ಹತ್ತಿರವೇ ನಿಲ್ಲಿಸುವುದು ಅದರ ಕೆಲಸ. ಅಂದರೆ ಅದೇ ಒಂದು ಗೇಣು ಒಮ್ಮೆ ಒಂದು ಗೇಣು, ಒಮ್ಮೆ ಎರಡು ಗೇಣು! ಕೈಗೆ ಅಭ್ಯಾಸ ಕೂಡುವುದಾದರೂ ಹೇಗೆ? ತೆಗೆದುಹಾಕಿದೆವು. ಪೋಲಿಂಗ್ ರೇಟ್ ಎಂಬುದು ಸೆಕೆಂಡಿಗೆ ಎಷ್ಟು ಸಲ ಮೌಸು ತನ್ನ ಸುದ್ದಿ ಕಳಿಸುತ್ತದೆ ಎಂಬ ಲೆಕ್ಕ. 125 ಇದ್ದರೆ ಎಂಟು ಮಿಲಿಸೆಕೆಂಡಿಗೊಮ್ಮೆ, 1000 ಇದ್ದರೆ ಒಂದು ಮಿಲಿಸೆಕೆಂಡಿಗೊಮ್ಮೆ. ಸಾವಿರಕ್ಕೆ ಇಟ್ಟೆವು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಆಟದೊಳಗಿನ ವೇಗ. ಇದಕ್ಕೂ ಟೇಪೇ ಸಾಕು. ಆಟದಲ್ಲಿ ಒಂದು ಗೋಡೆಯ ಗುರುತನ್ನು ನೋಡುತ್ತ ನಿಲ್ಲಬೇಕು, ಮೌಸನ್ನು ಬಲಕ್ಕೆ ಸರಿಸುತ್ತ ಹೋಗಬೇಕು, ಒಂದು ಪೂರ್ತಿ ಸುತ್ತು ತಿರುಗಿ ಅದೇ ಗುರುತು ಕಂಡಾಗ ನಿಲ್ಲಿಸಿ ಅಳೆಯಬೇಕು. ತಮ್ಮನ ಲೆಕ್ಕದಲ್ಲಿ, 3200 ಡಿಪಿಐ, ಹತ್ತೇ ಸೆಂಟಿಮೀಟರಿಗೆ ಲೋಕವೆಲ್ಲ ಒಂದು ಸುತ್ತು ತಿರುಗುತ್ತಿತ್ತು. ಅವಳು ಹೆದರಿ ಹೆದರಿ ಕೈ ಬಿಗಿಹಿಡಿಯುತ್ತಿದ್ದುದು ಅದಕ್ಕೇ. 800 ಡಿಪಿಐ ಮಾಡಿ, ಆಟದೊಳಗೆ 0.4 ಇಟ್ಟೆವು. ಈಗ ಒಂದು ಸುತ್ತಿಗೆ 41 ಸೆಂಟಿಮೀಟರ್. ಒಂದು ಗೇಣಿಗಿಂತ ಹೆಚ್ಚು, ಒಂದು ಮೊಳಕ್ಕಿಂತ ಕಡಿಮೆ, ಇದು ಒಳ್ಳೆಯ ಆರಂಭ. ಆಮೇಲೆ ಕೈಗೆ ಬೇಕಾದಂತೆ ತುಸು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಆದರೆ ಒಮ್ಮೆ ಇಟ್ಟ ಮೇಲೆ ಎರಡು ವಾರ ಮುಟ್ಟಬಾರದು. ದಿನಕ್ಕೊಂದು ಒಲೆ ಬದಲಿಸಿದರೆ ರೊಟ್ಟಿಯ ಹದ ಸಿಕ್ಕೀತೆ?

ಮಣಿಕಟ್ಟಿನ ಬದಲು ಮೊಳಕೈಯಿಂದ ಕೈ ಆಡತೊಡಗಿತು. ಮೂರು ವಾರದಲ್ಲಿ ನೋವು ಇಳಿಯಿತು. ಇಳಿಯದಿದ್ದರೆ ಡಾಕ್ಟರರ ಹತ್ತಿರ ಕರೆದೊಯ್ಯುತ್ತಿದ್ದೆ, ಆಟ ಬಿಡಿಸುತ್ತಿರಲಿಲ್ಲ.

ಇನ್ನು ನನಗೆ ಬಂದ ಮಾತುಗಳು. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಲಗ್ನದ ಪಂಗತಿಯಲ್ಲಿ.

"ಆಟದಾಗ ರೊಕ್ಕ ಕಳಕೊಂಡವರನ್ನ ಪೇಪರಿನ್ಯಾಗ ಓದಿಲ್ಲೇನ್ರಿ?" ಓದಿದ್ದೇನೆ. ಅದು ಪಣ ಕಟ್ಟುವ ಜೂಜು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆ ತಂದು ಹಣ ಕಟ್ಟುವ ಆಟಗಳನ್ನು ನಿಷೇಧಿಸಿತು. ಅದೇ ಕಾಯಿದೆ ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಯ ಆಟವನ್ನು ಬೇರೆಯದೆಂದು ಗುರುತಿಸಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕವೂ ಇತ್ತು. ಇಸ್ಪೀಟಿನ ಅಡ್ಡೆಗೂ ಕಬಡ್ಡಿ ಅಂಗಳಕ್ಕೂ ವ್ಯತ್ಯಾಸ ತಿಳಿದ ನಮಗೆ ಇಲ್ಲೇಕೆ ತಿಳಿಯಬಾರದು?

"ಚಟ ಹತ್ತತೈತ್ರಿ." ಹತ್ತಬಹುದು. ಅದಕ್ಕೆ ತಾಸಿನ ಲೆಕ್ಕ ಇಡಿ, ಪರೀಕ್ಷೆಯ ತಿಂಗಳು ಮುಚ್ಚಿಡಿ. ಆದರೆ ಆ ಲೆಕ್ಕ ಮಗನಿಗೂ ಇರಲಿ. ಮಗ ಆಡಿದರೆ ಹವ್ಯಾಸ, ಮಗಳು ಆಡಿದರೆ ಚಟ ಎಂಬ ನಿಘಂಟನ್ನು ನಾನು ಒಪ್ಪುವುದಿಲ್ಲ.

"ಪರಗಂಡಸರು ಮಾತಾಡ್ತಾರ, ಹೊಲಸು ಬೈತಾರ." ಇದು ನಿಜ, ಇದನ್ನು ನಾನು ಮುಚ್ಚಿಡುವುದಿಲ್ಲ. ಹೆಣ್ಣುದನಿ ಕೇಳಿದೊಡನೆ "ಅಡಿಗಿ ಮನಿಗೆ ಹೋಗು" ಎಂದವನ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅವನ ದನಿ ಮುಚ್ಚಲಿಕ್ಕೆ, ಅವನ ಮೇಲೆ ದೂರು ಕೊಡಲಿಕ್ಕೆ ಆಟದಲ್ಲೇ ದಾರಿ ಇದೆ. ಹುಡುಗಿಗೆ ಅದನ್ನು ಮೊದಲ ದಿನವೇ ತೋರಿಸಿಕೊಡಿ. ವ್ಯಾಲರಂಟ್ ಮಾಡಿದವರು 2021ರಿಂದ ಗೇಮ್ ಚೇಂಜರ್ಸ್ ಎಂದು ಹೆಣ್ಣುಮಕ್ಕಳಿಗೇ ಪಂದ್ಯ ನಡೆಸುತ್ತ ಬಂದದ್ದಕ್ಕೂ ಇಂಥವರ ಕಾಟ ಒಂದು ಕಾರಣವಿದ್ದೀತು. ಬೀದಿಯಲ್ಲಿ ಪುಂಡರಿದ್ದಾರೆಂದು ಸಾಲಿ ಬಿಡಿಸಿದ ಅವ್ವಂದಿರನ್ನು ನಾನು ಮೂವತ್ತು ವರ್ಷ ಬೈದಿದ್ದೇನೆ. ಈಗ ನಾನೇ ಆಟ ಬಿಡಿಸಲೆ?

ನಮ್ಮ ಸೀಮೆಯಲ್ಲಿ ಆಟ ಎಂದರೆ ಬರೀ ಆಟವಲ್ಲ. ಸಣ್ಣಾಟ, ದೊಡ್ಡಾಟ, ಎಲ್ಲವೂ ಆಟವೇ. ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಈ ಮೂಡಲಗಿಯ ಸುತ್ತಿನದು. ಹೆಂಗಸು ರಂಗದ ಮೇಲೆ ನಿಂತರೆ ಊರು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತ ಆಡಿ ಹೆಸರಾದಳು. ಇಂದು ಅವಳ ಹೆಸರು ಹೇಳಿ ನಾವು ಅಭಿಮಾನಪಡುತ್ತೇವೆ. ಕಿತ್ತೂರು ಉತ್ಸವಕ್ಕೆ ಹೋಗಿ ಚೆನ್ನಮ್ಮನ ಖಡ್ಗಕ್ಕೆ ಚಪ್ಪಾಳೆ ತಟ್ಟುತ್ತೇವೆ. ಮನೆಗೆ ಬಂದು, ಮಗಳ ಕೈಯಲ್ಲಿನ 85 ಗ್ರಾಂ ಮೌಸಿಗೆ ಮುಖ ಗಂಟು ಹಾಕುತ್ತೇವೆ.

ಇದು ಆಟದ ಮಾತಷ್ಟೇ ಅಲ್ಲ. ಆಡುತ್ತ ಮೌಸು ಹಿಡಿದ ಹುಡುಗ ಅದನ್ನು ಬಿಚ್ಚುತ್ತಾನೆ, ಹಾಳುಮಾಡುತ್ತಾನೆ, ಸರಿಮಾಡುತ್ತಾನೆ, ಯಂತ್ರದ ಹೆದರಿಕೆ ಕಳೆದುಕೊಳ್ಳುತ್ತಾನೆ. ಹುಡುಗಿ ಮುಟ್ಟುವುದು ಪರೀಕ್ಷೆಗೆ ಮಾತ್ರ, ಅದೂ ಹಾಳಾದೀತೆಂಬ ಅಂಜಿಕೆಯಿಂದ. ಆಮೇಲೆ ನಾವೇ ಹೇಳುತ್ತೇವೆ, "ಹುಡುಗ್ಯಾರಿಗೆ ಕಂಪ್ಯೂಟರ್ ತಲಿಗೆ ಹತ್ತೂದುಲ್ಲ" ಎಂದು. ತಲೆಗೆ ಹತ್ತುವ ಮೊದಲು ಕೈಗೆ ಹತ್ತಬೇಕಲ್ಲವೆ?

ಈಗಿನ ನನ್ನ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಒಂದು ಗಡಿಯಾರ ಇಟ್ಟಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ಮೌಸು ಕೈ ಬದಲಿಸುತ್ತದೆ, ಮೊದಲ ಪಾಳಿ ಹುಡುಗಿಯರದು. ಹುಡುಗರು ಎರಡು ದಿನ ಗೊಣಗಿದರು, ಮೂರನೆಯ ದಿನ ಮರೆತರು. ಆದರೆ ಅಂದು ಪಾಳಿ ಕೇಳಿದ ಹುಡುಗಿಗೆ ಆ ಹತ್ತು ನಿಮಿಷ ನಾನು ಇನ್ನು ಕೊಡಲಾರೆ. ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ.

ಮುಂದಿನ ಸಲ ನೀವು ಅಂಗಡಿಗೆ ಹೋದಾಗ ಮಗಳನ್ನು ಕರೆದೊಯ್ಯಿರಿ. ದರ ಕೇಳುವ ಮೊದಲು ಅವಳ ಕೈ ಮುಂದಿಡಿಸಿ, ಹಿಡಿದು ನೋಡಲಿ, ಸರಿಸಿ ನೋಡಲಿ. ಬಣ್ಣ ಆಮೇಲೆ. ಅವಳಿಗೆ ಗುಲಾಬಿಯೇ ಬೇಕೆಂದರೆ ಗುಲಾಬಿಯೇ ಇರಲಿ, ಅಳತೆ ಸರಿ ಇದ್ದರೆ ನನ್ನ ತಕರಾರಿಲ್ಲ.

ಮೊನ್ನೆ ಹುಕ್ಕೇರಿಗೆ ಹೋಗಿದ್ದೆ. ತಮ್ಮನ ದೊಡ್ಡ ಮೌಸಿನ ಗುಂಡಿ ಕೆಟ್ಟಿತ್ತಂತೆ. "ಅಕ್ಕಾ, ಇವತ್ತೊಂದಿನ ನಿಂದು ಕೊಡ" ಎಂದು ಬಾಗಿಲಲ್ಲಿ ನಿಂತಿದ್ದ. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ನಿನ್ನ ಕೈಗೆ ಇದು ಸಣ್ಣದಾಗತೈತೋ ತಮ್ಮಾ. ಮೊದಲ ಟೇಪ್ ತಗೊಂಡು ಬಾ."